ಭದ್ರಾವತಿಯ ಕುಲುಮೆ ಮತ್ತು ದೆಹಲಿಯ ಕಡತ

ಚುನಾವಣೆ ಸಮೀಪಿಸಿದಾಗಲೆಲ್ಲ ಭದ್ರಾವತಿಯ ಉಕ್ಕಿನ ಕಾರ್ಖಾನೆಯ ಕುರಿತು ನಮ್ಮ ರಾಜಕಾರಣಿಗಳಲ್ಲಿ ಇದ್ದಕ್ಕಿದ್ದಂತೆ ಕಾಳಜಿ ಉಕ್ಕುತ್ತದೆ. ಮತ ಎಣಿಕೆ ಮುಗಿದ ಬಳಿಕ ಆ ಕಾಳಜಿ ತಣ್ಣಗಾಗುವುದಕ್ಕೆ ಹೆಚ್ಚು ದಿನ ಬೇಕಾಗುವುದಿಲ್ಲ. ಕಳೆದ ಒಂದು ದಶಕದ ಘಟನಾವಳಿಯನ್ನು ಸುಮ್ಮನೆ ಒಮ್ಮೆ ಸಾಲಾಗಿ ನಿಲ್ಲಿಸಿ ನೋಡೋಣ. 2016ರ ಅಕ್ಟೋಬರಿನಲ್ಲಿ ಕೇಂದ್ರ ಸಚಿವ ಸಂಪುಟವು ಸೇಲಂ ಮತ್ತು ದುರ್ಗಾಪುರದ ಕಾರ್ಖಾನೆಗಳೊಂದಿಗೆ ಭದ್ರಾವತಿಯ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನೂ ಮಾರುವುದಕ್ಕೆ ತಾತ್ವಿಕ ಒಪ್ಪಿಗೆ ನೀಡಿತು. 2019ರಲ್ಲಿ ಕೊಳ್ಳಲು ಆಸಕ್ತಿಯುಳ್ಳವರು ಮುಂದೆ ಬರಬೇಕೆಂದು ಪ್ರಕಟಣೆ ಹೊರಡಿಸಲಾಯಿತು. ಮಾರಾಟ ಕೈಗೂಡಲಿಲ್ಲ. 2022ರಲ್ಲಿ ಆ ಪ್ರಕ್ರಿಯೆಯನ್ನೇ ರದ್ದುಪಡಿಸಲಾಯಿತು. ಕೊಳ್ಳುವವರಿಲ್ಲದ ಮೇಲೆ ಸರಕಾರವೇ ನಡೆಸಬಹುದೆಂದು ಕಾರ್ಮಿಕರು ನಿಟ್ಟುಸಿರು ಬಿಡುವಷ್ಟರಲ್ಲಿ, 2023ರ ಜನವರಿಯಲ್ಲಿ ಬಂದುದು ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ.

ಗುತ್ತಿಗೆ ಕಾರ್ಮಿಕರು ಅದೇ ತಿಂಗಳು ಧರಣಿ ಕುಳಿತರು. ಅವರು ಹಾಗೆ ಕುಳಿತಿರುವಾಗಲೇ, ಫೆಬ್ರವರಿ 27ರಂದು, ಭದ್ರಾವತಿಯಿಂದ ಸ್ವಲ್ಪವೇ ದೂರದ ಸೋಗಾನೆಯಲ್ಲಿ ಪ್ರಧಾನ ಮಂತ್ರಿಯವರು ಶಿವಮೊಗ್ಗ ವಿಮಾನ ನಿಲ್ದಾಣವನ್ನು ಉದ್ಘಾಟಿಸಿದರು. ವಿಮಾನ ನಿಲ್ದಾಣ ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ಒಂದೇ ತಾಲೂಕಿನ ಆಸುಪಾಸಿನಲ್ಲಿ, ಒಂದೇ ತಿಂಗಳಿನಲ್ಲಿ ಕಂಡ ಈ ಎರಡು ದೃಶ್ಯಗಳನ್ನು ಜೊತೆಗಿಟ್ಟು ನೋಡಿದರೆ, ಆಳುವವರ ಲೆಕ್ಕದಲ್ಲಿ ಅಭಿವೃದ್ಧಿ ಎಂಬ ಪದಕ್ಕೆ ಯಾವ ಅರ್ಥವಿದೆ ಎಂಬುದು ಗೊತ್ತಾಗುತ್ತದೆ. ಆ ಬಳಿಕ ವಿಧಾನಸಭಾ ಚುನಾವಣೆ ನಡೆಯಿತು. ಆಗಸ್ಟಿನಲ್ಲಿ ಸರಳು ತಯಾರಿಸುವ ಬಾರ್ ಮಿಲ್ಲನ್ನು ಮತ್ತೆ ಚಾಲೂ ಮಾಡಲಾಯಿತು. 2024ರ ಜೂನಿನಲ್ಲಿ ಕನ್ನಡಿಗರೇ ಆದ ಎಚ್.ಡಿ. ಕುಮಾರಸ್ವಾಮಿಯವರು ಕೇಂದ್ರ ಉಕ್ಕು ಸಚಿವರಾದರು. ಅಧಿಕಾರ ವಹಿಸಿಕೊಂಡ ತಿಂಗಳೊಳಗೇ ಭದ್ರಾವತಿಗೆ ಬಂದು ಪುನಶ್ಚೇತನದ ಭರವಸೆ ಕೊಟ್ಟರು. ಅಂದಿನಿಂದ ಸಾವಿರಾರು ಕೋಟಿಯ ಮಾತು ಕೇಳಿಬರುತ್ತಿದೆ.

ಈ ಭರವಸೆಯನ್ನು ನಾವು ಅನುಮಾನದಿಂದಲೇ ನೋಡಬೇಕೆಂದಿಲ್ಲ. ಸಚಿವರಿಗೆ ಮನಸ್ಸಿರಬಹುದು. ಆದರೆ ಕಾರ್ಖಾನೆಯೊಂದನ್ನು ಬದುಕಿಸುವುದೆಂದರೆ ಕೋಟಿಗಳ ಸಂಖ್ಯೆಯೊಂದನ್ನು ಪ್ರಕಟಿಸುವುದಲ್ಲ. ಅಲ್ಲಿ ಏನನ್ನು ಕರಗಿಸಲಾಗುವುದು, ತಯಾರಾದುದನ್ನು ಯಾರು ಕೊಳ್ಳುವರು, ಹಾಜರಿ ಪುಸ್ತಕದಲ್ಲಿ ಯಾರ ಹೆಸರಿರುವುದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದೆ ಸುರಿದ ಹಣ, ತೂತಿರುವ ಕೊಡಕ್ಕೆ ಹೊಯ್ದ ನೀರಿನಂತಾಗುತ್ತದೆ. ವಿಷಾದದ ಸಂಗತಿಯೆಂದರೆ ಈ ಪ್ರಶ್ನೆಗಳನ್ನು ಭಾಷಣಕಾರರು ಎತ್ತುವುದಿಲ್ಲ. ಹಾರ ಹಿಡಿದು ನಿಂತ ನಾವೂ ಕೇಳುವುದಿಲ್ಲ.

ಭದ್ರಾವತಿಯ ಕತೆ ನಷ್ಟದಿಂದಲೇ ಆರಂಭವಾದುದೆಂಬುದನ್ನು ಇಂದಿನ ತಲೆಮಾರು ತಿಳಿದಿರಬೇಕು. ಮೈಸೂರು ಸಂಸ್ಥಾನವು ಮಲೆನಾಡಿನ ಕಟ್ಟಿಗೆಯ ಇದ್ದಿಲು ಮತ್ತು ಕೆಮ್ಮಣ್ಣುಗುಂಡಿಯ ಅದಿರನ್ನು ನೆಚ್ಚಿ ಕಟ್ಟಿದ ಈ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಮೊದಲ ವರ್ಷಗಳಲ್ಲಿ ಅದು ಸಂಸ್ಥಾನದ ಬೊಕ್ಕಸಕ್ಕೆ ಭಾರವಾಗಿತ್ತು. ಬಿಳಿಯಾನೆ ಎಂದು ಹೇಳಿ ಬಾಗಿಲೆಳೆಯುವುದು ಅಂದಿಗೂ ಸುಲಭದ ದಾರಿಯಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಆ ದಾರಿ ಹಿಡಿಯದೆ, ದಿವಾನಗಿರಿ ಬಿಟ್ಟು ಹೋಗಿದ್ದ ವಿಶ್ವೇಶ್ವರಯ್ಯನವರನ್ನು ಕರೆದು ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು ವಹಿಸಿದರು. 1929ರ ತನಕ ಅವರು ಅದರ ಹೊಣೆ ಹೊತ್ತರು. ಆ ಸೇವೆಗೆ ತಮಗೆ ಸಲ್ಲಬೇಕಿದ್ದ ಹಣವನ್ನು ತಾವು ಪಡೆಯದೆ ಯುವಕರಿಗೆ ಕಸುಬು ಕಲಿಸುವ ಸಂಸ್ಥೆಯೊಂದಕ್ಕೆ ವಿನಿಯೋಗಿಸಬೇಕೆಂದು ಹೇಳಿದರು. ಬೆಂಗಳೂರಿನ ಜಯಚಾಮರಾಜೇಂದ್ರ ವೃತ್ತಿ ಶಿಕ್ಷಣ ಸಂಸ್ಥೆ ಹಾಗೆ ಹುಟ್ಟಿತು. ಕಾರ್ಖಾನೆ ಕಟ್ಟಿದವರಿಗೆ ಅಂದು ಕಾರ್ಮಿಕನನ್ನು ತಯಾರಿಸುವ ಚಿಂತೆಯೂ ಇತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಭದ್ರಾವತಿಗೆ ಉಕ್ಕಿನ ವಿಭಾಗ ಬಂತು, ಸಿಮೆಂಟ್ ಬಂತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಅದಕ್ಕೆ ಮುಂಚೆ 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ. ಮಿರ್ಜಾ ಅವರ ಹೆಸರನ್ನು ನಮ್ಮವರು ಉದ್ಯಾನಗಳ ಅಂದದ ಜೊತೆಗಷ್ಟೇ ನೆನೆಯುತ್ತಾರೆ. ಊರೂರಿಗೆ ಒಂದು ಕಾರ್ಖಾನೆಯೆಂಬ ಅವರ ಹಂಬಲವನ್ನು ನೆನೆಯುವವರು ಕಡಿಮೆ. ಖಾಸಗಿ ಬಂಡವಾಳ ಹೆದರಿ ನಿಂತಲ್ಲಿ ಸರಕಾರ ಮುಂದೆ ಹೋಗಬೇಕು, ನಡೆಯಲು ಕಲಿತ ಬಳಿಕ ಕೈ ಬಿಡಬಹುದು ಎಂಬ ನೀತಿ ಅಂದು ಸಂಸ್ಥಾನದಲ್ಲಿತ್ತು. ಇಂದಿನ ನೀತಿ ಅದಕ್ಕೆ ತದ್ವಿರುದ್ಧ. ಲಾಭ ತರುವ ತನಕ ಹಿಂಡುವುದು, ಎಡವಿದ ದಿನ ಕೈ ಬಿಡುವುದು.

ಸ್ವಾತಂತ್ರ್ಯಾನಂತರ ಜೋಗದ ವಿದ್ಯುತ್ತಿನ ಬಲದಿಂದ ಭದ್ರಾವತಿಯಲ್ಲಿ ವಿದ್ಯುತ್ ಕುಲುಮೆಗಳು ಉರಿದವು. 1962ರಲ್ಲಿ ಅದು ರಾಜ್ಯ ಮತ್ತು ಕೇಂದ್ರದ ಜಂಟಿ ಒಡೆತನದ ಕಂಪೆನಿಯಾಯಿತು. 1976ರಲ್ಲಿ ವಿಶ್ವೇಶ್ವರಯ್ಯನವರ ಹೆಸರು ಪಡೆಯಿತು. 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ, ಅಂದರೆ ಸೈಲ್‌ನ ಅಂಗಸಂಸ್ಥೆಯಾಯಿತು. 1998ರಲ್ಲಿ ಅದರೊಳಗೇ ವಿಲೀನವಾಯಿತು. ವಿಲೀನವಾದಾಗ ಇನ್ನು ಚಿಂತೆಯಿಲ್ಲ, ದೊಡ್ಡ ಮನೆಗೆ ಸೇರಿದೆವು ಎಂಬ ಭಾವನೆಯಿತ್ತು. ದೊಡ್ಡ ಮನೆಯಲ್ಲಿ ಬಡ ನೆಂಟನಿಗೆ ಎಲ್ಲಿ ಎಲೆ ಹಾಕುತ್ತಾರೆಂಬುದು ಆ ಮೇಲೆ ತಿಳಿಯಿತು. ಭಿಲಾಯಿ, ಬೊಕಾರೊ, ರೂರ್ಕೆಲಾಗಳಂತಹ ಬೃಹತ್ ಸ್ಥಾವರಗಳ ನಡುವೆ ಭದ್ರಾವತಿಯ ಪುಟ್ಟ ಘಟಕಕ್ಕೆ ಹೊಸ ಬಂಡವಾಳ ಬರಲಿಲ್ಲ. ಆ ಸ್ಥಾವರಗಳಿಗೆ ಸೈಲ್‌ನ ಸ್ವಂತ ಅದಿರು ಗಣಿಗಳಿವೆ. ಭದ್ರಾವತಿಗೆ ಅಂತಹ ಆಸರೆಯಿರಲಿಲ್ಲ. ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ಹಗರಣದ ಬಳಿಕ 2011ರಲ್ಲಿ ಸುಪ್ರೀಂ ಕೋರ್ಟ್ ಅಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿದಾಗ, ಅದಿರನ್ನು ದೋಚಿ ವಿದೇಶಕ್ಕೆ ಸಾಗಿಸಿದವರಿಗೆ ಆದುದಕ್ಕಿಂತ ಹೆಚ್ಚಿನ ಪೆಟ್ಟು, ಪ್ರಾಮಾಣಿಕವಾಗಿ ಅದಿರು ಕೊಂಡು ಕರಗಿಸುತ್ತಿದ್ದವರಿಗೆ ಬಿತ್ತು. ನ್ಯಾಯಾಲಯದ ಆದೇಶವನ್ನು ನಾವು ದೂರುತ್ತಿಲ್ಲ, ಅದು ಬೇಕಾಗಿತ್ತು. ಲೂಟಿ ನಡೆಯುವಾಗ ಕಣ್ಣು ಮುಚ್ಚಿದ್ದ ಸರಕಾರಗಳನ್ನು ದೂರುತ್ತಿದ್ದೇವೆ.

ಇನ್ನು ಮಾರಾಟದ ಪ್ರಹಸನ. ಮನೆಯೊಂದನ್ನು ಮಾರುತ್ತೇನೆಂದು ಊರಿಗೆಲ್ಲ ಸಾರಿದವನು ಆ ಮನೆಗೆ ಸುಣ್ಣ ಬಳಿಸುವುದಿಲ್ಲ, ಹೆಂಚು ಬದಲಿಸುವುದಿಲ್ಲ. 2016ರಿಂದ 2022ರ ತನಕ ಭದ್ರಾವತಿಯ ಸ್ಥಿತಿ ಅದೇ ಆಗಿತ್ತು. ಮಾರಾಟಕ್ಕಿಟ್ಟ ವಸ್ತುವಿಗೆ ಬಂಡವಾಳ ಹಾಕುವವರಾರು? ದೀರ್ಘಾವಧಿಯ ಬೇಡಿಕೆ ಕೊಡುವವರಾರು? ಯಂತ್ರಗಳು ಸವೆದವು, ನುರಿತವರು ನಿವೃತ್ತರಾದರು, ಅವರ ಜಾಗಕ್ಕೆ ಹೊಸಬರು ಬರಲಿಲ್ಲ. ಆರು ವರ್ಷ ಹೀಗೆ ಸೊರಗಿಸಿದ ಬಳಿಕ ‘ಇದು ಲಾಭದಾಯಕವಲ್ಲ’ ಎಂದು ಘೋಷಿಸುವುದು ಯಾವ ನ್ಯಾಯ?

ವಿಪರ್ಯಾಸವನ್ನು ಗಮನಿಸಿ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಶೇಷ ಉಕ್ಕಿನ ತಯಾರಿಕೆಯನ್ನು ಉತ್ತೇಜಿಸಲು 6,322 ಕೋಟಿ ರೂಪಾಯಿಗಳ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಯೋಜನೆಗೆ ಒಪ್ಪಿಗೆ ನೀಡಿತು. ದೇಶದಲ್ಲಿ ಸಾಮಾನ್ಯ ಉಕ್ಕು ಬೇಕಾದಷ್ಟಿದೆ, ವಾಹನ, ರೈಲ್ವೆ, ರಕ್ಷಣಾ ಉಪಕರಣಗಳಿಗೆ ಬೇಕಾದ ಮಿಶ್ರಲೋಹದ ಉಕ್ಕನ್ನು ನಾವು ಹೊರಗಿನಿಂದ ತರಿಸಿಕೊಳ್ಳುತ್ತಿದ್ದೇವೆ, ಅದು ಇಲ್ಲೇ ತಯಾರಾಗಬೇಕು ಎಂಬುದು ಅದರ ಆಶಯ. ಒಳ್ಳೆಯ ಆಶಯವೇ. ಮಿಶ್ರಲೋಹ ಮತ್ತು ವಿಶೇಷ ಉಕ್ಕನ್ನೇ ಕಸುಬಾಗಿಸಿಕೊಂಡಿದ್ದ, ಸರಕಾರದ್ದೇ ಆದ ಕಾರ್ಖಾನೆಯೊಂದು ಅದೇ ವರ್ಷ ಭದ್ರಾವತಿಯಲ್ಲಿ ಮಾರಾಟದ ಫಲಕ ತೂಗಿಸಿಕೊಂಡು ನಿಂತಿತ್ತು! ಒಂದು ಇಲಾಖೆ ವಿಶೇಷ ಉಕ್ಕು ತಯಾರಿಸುವವರಿಗಾಗಿ ಹುಡುಕುತ್ತಿತ್ತು, ಇನ್ನೊಂದು ಇಲಾಖೆ ವಿಶೇಷ ಉಕ್ಕು ತಯಾರಿಸುವ ಕಾರ್ಖಾನೆಯನ್ನು ಕಳಚಿಕೊಳ್ಳಲು ನೋಡುತ್ತಿತ್ತು.

ಸರಕಾರಕ್ಕೆ ಶಕ್ತಿಯಿಲ್ಲವೆಂದು ಯಾರೂ ಹೇಳದಿರಲಿ. 1966ರ ಚಳವಳಿಯಲ್ಲಿ 32 ಮಂದಿ ಪ್ರಾಣ ತೆತ್ತು ಪಡೆದ ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯನ್ನು ಸಂಪೂರ್ಣ ಮಾರುವುದೆಂದು 2021ರಲ್ಲಿ ಕೇಂದ್ರ ತೀರ್ಮಾನಿಸಿತ್ತು. 2025ರ ಜನವರಿಯಲ್ಲಿ ಅದೇ ಕೇಂದ್ರ, ಅದೇ ಕಾರ್ಖಾನೆಗೆ 11,440 ಕೋಟಿ ರೂಪಾಯಿಗಳ ಪುನಶ್ಚೇತನ ಪ್ಯಾಕೇಜ್ ಪ್ರಕಟಿಸಿತು. ನಡುವೆ ಬದಲಾದುದು ಅರ್ಥಶಾಸ್ತ್ರವಲ್ಲ. 2024ರ ಚುನಾವಣೆಯ ಬಳಿಕ ಕೇಂದ್ರದ ಸರಕಾರಕ್ಕೆ ತೆಲುಗು ದೇಶಂನ 16 ಸಂಸದರ ಆಸರೆ ಬೇಕಾಯಿತು, ಅಷ್ಟೆ. ಕರ್ನಾಟಕ ಅದೇ ಚುನಾವಣೆಯಲ್ಲಿ ಆಡಳಿತ ಮೈತ್ರಿಕೂಟಕ್ಕೆ 19 ಮಂದಿಯನ್ನು ಆರಿಸಿ ಕಳುಹಿಸಿತ್ತು. ಹತ್ತೊಂಬತ್ತು ಹದಿನಾರಕ್ಕಿಂತ ಹೆಚ್ಚೆಂಬುದು ಶಾಲಾ ಮಕ್ಕಳಿಗೂ ತಿಳಿದಿರುವ ಗಣಿತ. ರಾಜಕೀಯದ ಗಣಿತ ಬೇರೆ.

ಆದರೆ ವಿಶಾಖಪಟ್ಟಣವನ್ನು ತೋರಿಸಿ ‘ನಮಗೂ ಅಂತಹದೇ ಪ್ಯಾಕೇಜ್ ಬೇಕು’ ಎಂದು ಕೂಗುವ ಮುನ್ನ ಎರಡು ಸಂಗತಿಗಳನ್ನು ನೋಡಬೇಕು. ಆ ಕಾರ್ಖಾನೆಯ ಸಂಕಟದ ಮೂಲವೂ ಸ್ವಂತ ಅದಿರು ಗಣಿ ಇಲ್ಲದಿರುವುದೇ ಆಗಿತ್ತು. ಪ್ಯಾಕೇಜ್ ಸಾಲದ ಭಾರವನ್ನು ಇಳಿಸಿತು, ಗಣಿಯನ್ನು ಕೊಡಲಿಲ್ಲ. ಎರಡನೆಯದಾಗಿ, ಪ್ಯಾಕೇಜ್ ಬಂದ ಅದೇ 2025ರಲ್ಲಿ ಅಲ್ಲಿನ ಗುತ್ತಿಗೆ ಕಾರ್ಮಿಕರು ತಮ್ಮನ್ನು ಕೆಲಸದಿಂದ ಕೈಬಿಡುತ್ತಿರುವುದರ ವಿರುದ್ಧ ಮುಷ್ಕರ ಹೂಡಬೇಕಾಯಿತು. ಕಾರ್ಖಾನೆ ಉಳಿಯಿತು, ಅದನ್ನು ಉಳಿಸಿ ಎಂದು ವರ್ಷಗಟ್ಟಲೆ ಬೀದಿಯಲ್ಲಿ ನಿಂತವರಲ್ಲಿ ಹಲವರು ಹೊರಗುಳಿದರು.

ಕೇಂದ್ರವನ್ನಷ್ಟೇ ದೂರಿ ಕೈತೊಳೆದುಕೊಳ್ಳುವಂತೆಯೂ ಇಲ್ಲ. ಭದ್ರಾವತಿಯ ಇನ್ನೊಂದು ಕಾರ್ಖಾನೆ, ಕಾಗದದ್ದು, ರಾಜ್ಯ ಸರಕಾರಕ್ಕೆ ಸೇರಿದ್ದು. 1980ರ ದಶಕದಿಂದ ಅಲ್ಲಿ ಪತ್ರಿಕೆಗಳಿಗೆ ಬೇಕಾದ ಮುದ್ರಣ ಕಾಗದ ತಯಾರಾಗುತ್ತಿತ್ತು. ಸಕ್ಕರೆ ಘಟಕವೂ ಇತ್ತು, ಸುತ್ತಲಿನ ರೈತರು ಕಬ್ಬು ಬೆಳೆಯುತ್ತಿದ್ದರು. 2015ರಲ್ಲಿ ಯಂತ್ರ ನಿಂತಿತು. ಕಾರ್ಮಿಕರಿಗೆ ಸ್ವಯಂ ನಿವೃತ್ತಿ ಎಂಬ ಹೆಸರಿನ, ಸ್ವಯಂ ಇಚ್ಛೆಯಿಲ್ಲದ ನಿವೃತ್ತಿ ಕೊಡಲಾಯಿತು. ಖಾಸಗಿಯವರಿಗೆ ಗುತ್ತಿಗೆಗೆ ಕೊಡುವ ಯತ್ನಗಳು ಫಲ ಕೊಡಲಿಲ್ಲ. ಆ ಬಳಿಕ ಕಾಂಗ್ರೆಸ್, ಜನತಾದಳ, ಬಿಜೆಪಿ ಎಲ್ಲರೂ ರಾಜ್ಯವನ್ನು ಆಳಿದ್ದಾರೆ. ಯಂತ್ರ ನಿಂತಲ್ಲಿಯೇ ಇದೆ. ಮಲೆನಾಡಿನ ಸುಮಾರು 20,000 ಹೆಕ್ಟೇರ್ ನೆಡುತೋಪಿನ ಗುತ್ತಿಗೆಯನ್ನು ಮಾತ್ರ 2020ರಲ್ಲಿ ಮತ್ತೆ 40 ವರ್ಷಗಳಿಗೆ ವಿಸ್ತರಿಸಲಾಯಿತು. ಕಾರ್ಖಾನೆಯಿಲ್ಲದ ಕಾರ್ಖಾನೆಗೆ ಅಕೇಶಿಯಾದ ಕಾಡು! ಅಲ್ಲಿ ಸಹಜ ಕಾಡು ಬೆಳೆಯಲೆಂದು ಮಲೆನಾಡಿನ ಜನ ಪ್ರತಿಭಟಿಸಿದರು. ಅವರ ಪ್ರತಿಭಟನೆಯಲ್ಲಿ ನ್ಯಾಯವಿತ್ತು.

ಇಲ್ಲಿ ನಾವು ನಮ್ಮತ್ತಲೂ ನೋಡಿಕೊಳ್ಳಬೇಕು. 2019ರ ಮುಂಗಡ ಪತ್ರದಲ್ಲಿ ವಿದೇಶಿ ಮುದ್ರಣ ಕಾಗದದ ಮೇಲೆ ಶೇ. 10ರಷ್ಟು ಆಮದು ಸುಂಕ ಹೇರಿದಾಗ ದೇಶದ ಪತ್ರಿಕಾರಂಗ ಅದನ್ನು ಪತ್ರಿಕಾ ಸ್ವಾತಂತ್ರ್ಯದ ಮೇಲಿನ ಹೊರೆಯೆಂದು ಬಣ್ಣಿಸಿತು. ಮುಂದಿನ ವರ್ಷ ಅದು ಶೇ. 5ಕ್ಕೆ ಇಳಿಯಿತು. ಸಣ್ಣ ಪತ್ರಿಕೆಗಳಿಗೆ ಕಾಗದದ ಬೆಲೆ ಪ್ರಾಣಸಂಕಟವೆಂಬುದು ನಿಜ, ಅದನ್ನು ನಾವು ಬಲ್ಲೆವು. ಆದರೆ ವಿದೇಶದ ಅಗ್ಗದ ಕಾಗದದಲ್ಲಿ ಭದ್ರಾವತಿಯ ಕಾರ್ಮಿಕನ ಪರವಾಗಿ ಸಂಪಾದಕೀಯ ಮುದ್ರಿಸುವವರು, ಆತನ ಕೆಲಸ ಹೋದುದರಲ್ಲಿ ತಮ್ಮ ಪಾಲೆಷ್ಟೆಂದು ಒಮ್ಮೆಯಾದರೂ ಕೇಳಿಕೊಳ್ಳಬೇಡವೇ?

ರಾಜ್ಯಕ್ಕೆ ಮನಸ್ಸಿದ್ದರೆ ಮಾರ್ಗವಿದೆ ಎಂಬುದಕ್ಕೆ ಮಂಡ್ಯವೇ ಸಾಕ್ಷಿ. ವರ್ಷಗಳ ಕಾಲ ಮುಗ್ಗರಿಸಿ ನಿಂತಿದ್ದ ಮೈಷುಗರ್ ಕಾರ್ಖಾನೆಯನ್ನು ಖಾಸಗಿಗೆ ಒಪ್ಪಿಸುವ ಯೋಚನೆಯನ್ನು ಜನರ ವಿರೋಧದಿಂದ ಬಿಟ್ಟು, 2022ರಲ್ಲಿ ಸರಕಾರದ ಹಣದಿಂದಲೇ ಮತ್ತೆ ಕಬ್ಬು ಅರೆಯಲಾಯಿತು. ಮಂಡ್ಯದ ರೈತ ಸಂಘಟಿತ, ಅವನ ಮತಕ್ಕೆ ಬೆಲೆಯಿದೆ. ಇನ್ನು ತೋರಣಗಲ್ಲಿನ ಕತೆ. 1971ರಲ್ಲಿ ಇಂದಿರಾ ಗಾಂಧಿಯವರು ಸಾರ್ವಜನಿಕ ವಲಯದ ವಿಜಯನಗರ ಉಕ್ಕಿನ ಕಾರ್ಖಾನೆಗೆ ಶಂಕುಸ್ಥಾಪನೆ ಮಾಡಿದ ಪ್ರದೇಶವದು. ಸರಕಾರ ಕಾರ್ಖಾನೆ ಕಟ್ಟಲಿಲ್ಲ. ದಶಕಗಳ ಬಳಿಕ ಜಿಂದಾಲರು ಕಟ್ಟಿದರು, ಅದನ್ನು ದೇಶದ ಅತಿ ದೊಡ್ಡ ಉಕ್ಕು ಸ್ಥಾವರಗಳಲ್ಲೊಂದಾಗಿ ಬೆಳೆಸಿದರು. ಆ ಸಾಮರ್ಥ್ಯವನ್ನು ಅಲ್ಲಗಳೆಯುವಂತಿಲ್ಲ. ಆ ಕಂಪೆನಿಗೆ 3,667 ಎಕರೆ ಭೂಮಿಯನ್ನು ಮಾರುವ ಪ್ರಸ್ತಾವ 2019ರಲ್ಲಿ ಮೈತ್ರಿ ಸರಕಾರದ ಮುಂದೆ ಬಂತು, 2021ರಲ್ಲಿ ಬಿಜೆಪಿ ಸರಕಾರದ ಮುಂದೆ ಬಂತು, 2024ರಲ್ಲಿ ಕಾಂಗ್ರೆಸ್ ಸರಕಾರದ ಸಂಪುಟದಲ್ಲಿ ಒಪ್ಪಿಗೆ ಪಡೆಯಿತು. ಖಾಸಗಿ ಕಂಪೆನಿಯ ಕಡತ ಮೂರು ಸರಕಾರಗಳನ್ನು ದಾಟಿ ಜೀವಂತವಾಗಿ ದಡ ಸೇರುತ್ತದೆ. ಭದ್ರಾವತಿಯ ಕಡತ ಮಾತ್ರ ಪ್ರತಿ ಸರಕಾರದಲ್ಲೂ ಹೊಸದಾಗಿ ಹುಟ್ಟಿ ಹೊಸದಾಗಿ ಸಾಯುತ್ತದೆ.

ಹಾಗಾದರೆ ಭದ್ರಾವತಿಗೆ ಗಣಿ ಕೊಟ್ಟುಬಿಡಿ ಎನ್ನೋಣವೇ? ಅಷ್ಟು ಸರಳವಲ್ಲ. ಕುದುರೆಮುಖದ ಅದಿರು ಗಣಿಗಾರಿಕೆ ತುಂಗಾ ಮತ್ತು ಭದ್ರೆಯರ ಉಗಮದ ಕಾಡಿಗೆ ಏನು ಮಾಡಿತೆಂಬುದನ್ನು ನೋಡಿಯೇ ಸುಪ್ರೀಂ ಕೋರ್ಟ್ ಅದನ್ನು 2005ರ ಕೊನೆಗೆ ನಿಲ್ಲಿಸಿತು. ಆ ಕಂಪೆನಿಗೆ ಬದಲಿಯಾಗಿ ಸಂಡೂರಿನ ದೇವದಾರಿಯಲ್ಲಿ ಗಣಿ ನೀಡುವ ವಿಷಯದಲ್ಲಿ 2024ರಲ್ಲಿ ಕೇಂದ್ರ ಸಚಿವರು ಸಹಿ ಹಾಕಿದರೆ, ರಾಜ್ಯ ಸರಕಾರ ಅರಣ್ಯ ಭೂಮಿ ಹಸ್ತಾಂತರಿಸದಂತೆ ತಡೆಯಿತು. ಸಂಡೂರಿನ ಬೆಟ್ಟಗಳು ಈಗಾಗಲೇ ಬೇಕಾದಷ್ಟು ಅಗೆಸಿಕೊಂಡಿವೆ. ಒಂದು ಊರಿನ ಒಲೆ ಉರಿಯಲು ಇನ್ನೊಂದು ಊರಿನ ನೀರು ಬತ್ತಬೇಕೆಂದು ಕೇಳುವುದು ನಮಗೆ ಶೋಭಿಸದು.

ಇಲ್ಲಿಯೇ ಒಂದು ಮಾತನ್ನು ನಮ್ಮ ಓದುಗರ ಮುಂದಿಡಬಯಸುತ್ತೇವೆ. ಉಕ್ಕು ತಯಾರಿಸಲು ಅದಿರೇ ಬೇಕೆಂದೇನಿಲ್ಲ. ಮಿಶ್ರಲೋಹದ ಉಕ್ಕನ್ನು ಹಳೆಯ ಕಬ್ಬಿಣವನ್ನು, ಅಂದರೆ ಗುಜರಿಯನ್ನು, ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ತಯಾರಿಸುವ ಪದ್ಧತಿ ಜಗತ್ತಿನಾದ್ಯಂತ ಇದೆ. ಅದಿರಿನಿಂದ ತಯಾರಿಸುವುದಕ್ಕಿಂತ ಅದರಲ್ಲಿ ಹೊಗೆ ಕಡಿಮೆ, ಕಲ್ಲಿದ್ದಲಿನ ಅವಲಂಬನೆ ಕಡಿಮೆ. ಭದ್ರಾವತಿಗೆ ವಿದ್ಯುತ್ ಕುಲುಮೆ ಅಪರಿಚಿತವೂ ಅಲ್ಲ. ಕೇಂದ್ರ ಸರಕಾರ 2019ರಲ್ಲಿ ಉಕ್ಕಿನ ಗುಜರಿಯ ಮರುಬಳಕೆಗೆಂದೇ ನೀತಿಯೊಂದನ್ನು ಹೊರತಂದಿದೆ, 2021ರಲ್ಲಿ ಹಳೆಯ ವಾಹನಗಳನ್ನು ಗುಜರಿಗೆ ಹಾಕುವ ನೀತಿಯನ್ನೂ ಪ್ರಕಟಿಸಿದೆ. ಗಾತ್ರದಲ್ಲಿ ಸಣ್ಣದಾದರೂ, ಬೇರೆ ಯಾರೂ ಸುಲಭವಾಗಿ ತಯಾರಿಸದ ಉಕ್ಕನ್ನು ತಯಾರಿಸುವ ಕಾರ್ಖಾನೆಯೊಂದು ಭದ್ರೆಯ ದಂಡೆಯಲ್ಲಿ ಬದುಕಬಲ್ಲದು. ದೈತ್ಯ ಸ್ಥಾವರಗಳೊಡನೆ ಟನ್ನುಗಳ ಪೈಪೋಟಿಗೆ ಇಳಿದರೆ ಅದು ಮತ್ತೆ ಸೋಲುತ್ತದೆ.

ಗುಜರಿ ಎಂದೊಡನೆ ನಮ್ಮ ಮನೆಗಳಲ್ಲಿ ಕೆಲವರಾದರೂ ತಲೆಯೆತ್ತಿ ನೋಡಿಯಾರು. ರಾಜ್ಯದ ಪಟ್ಟಣಗಳಲ್ಲಿ ಈ ವ್ಯಾಪಾರದಲ್ಲಿ ತೊಡಗಿರುವವರಲ್ಲಿ ಮುಸ್ಲಿಮ್ ಕುಟುಂಬಗಳು ಬಹಳ. ತಳ್ಳುಗಾಡಿಯಲ್ಲಿ ‘ಹಳೇ ಕಬ್ಬಿಣ, ಹಳೇ ಪೇಪರ್’ ಎಂದು ಕೂಗುತ್ತಾ ಹೋಗುವವನಿಂದ ಹಿಡಿದು ದೊಡ್ಡ ಯಾರ್ಡಿನ ಮಾಲಕನ ತನಕ ಇದೊಂದು ಸರಪಳಿ. ಸಮಾಜ ಇದನ್ನು ಕೀಳಾಗಿ ನೋಡುತ್ತದೆ, ಪೊಲೀಸರು ಅನುಮಾನದಿಂದ ನೋಡುತ್ತಾರೆ. ಹೆಣ್ಣು ಕೊಡುವಾಗ ನಮ್ಮವರೇ ಗುಜರಿಯವನೆಂದು ಮುಖ ತಿರುಗಿಸುವುದೂ ಉಂಟು. ಆದರೆ ಈ ಕೆಲಸದಲ್ಲಿ ಎಂತಹ ವಿದ್ಯೆ ಇದೆಯೆಂಬುದನ್ನು ಯೋಚಿಸಿದವರು ಕಡಿಮೆ. ವಿಶೇಷ ಉಕ್ಕಿಗೆ ಹಾಕುವ ಗುಜರಿಯಲ್ಲಿ ತಾಮ್ರದ ಅಂಶ ಉಳಿದರೆ, ಉಕ್ಕನ್ನು ಕಾಯಿಸಿ ಒತ್ತುವಾಗ ಅದು ಬಿರುಕು ಬಿಡುತ್ತದೆ. ಕರಗಿದ ಬಳಿಕ ತಾಮ್ರವನ್ನು ಬೇರ್ಪಡಿಸುವುದು ದುಸ್ತರ. ಆದುದರಿಂದ ಮೋಟಾರಿನ ತಂತಿ, ಕಬ್ಬಿಣದ ಕವಚ, ಸ್ಪ್ರಿಂಗಿನ ಉಕ್ಕು, ಬೀಡು ಕಬ್ಬಿಣ ಎಂದು ವಿಂಗಡಿಸುವ ಕೆಲಸದಲ್ಲಿಯೇ ಅರ್ಧ ಗುಣಮಟ್ಟ ಅಡಗಿದೆ. ಕಿಡಿಯ ಬಣ್ಣ ನೋಡಿ, ತೂಕ ನೋಡಿ, ಅಯಸ್ಕಾಂತ ಹಿಡಿದು ಲೋಹದ ಜಾತಿ ಹೇಳಬಲ್ಲ ಹಿರಿಯರು ನಮ್ಮ ಯಾರ್ಡುಗಳಲ್ಲಿದ್ದಾರೆ. ಅವರ ಜ್ಞಾನಕ್ಕೆ ಪ್ರಮಾಣಪತ್ರವಿಲ್ಲ, ಬ್ಯಾಂಕಿನಲ್ಲಿ ಸಾಲವಿಲ್ಲ.

ಸರಕಾರದ ನೆರವು ಎಂಬುದು ಇಲ್ಲಿಗೆ ತಲುಪಬೇಕು. ವಿಂಗಡಣೆಯ ಯಾರ್ಡುಗಳಿಗೆ ಜಾಗ, ಲೋಹ ಪರೀಕ್ಷಿಸುವ ಉಪಕರಣ, ಕೈಗವಸು ಮತ್ತು ಕನ್ನಡಕದಂತಹ ಸುರಕ್ಷತೆ, ಸಣ್ಣವರಿಗೂ ಅರ್ಥವಾಗುವ ತೆರಿಗೆ ನಿಯಮ. 2024ರಲ್ಲಿ ನೋಂದಣಿಯಿಲ್ಲದ ಸಣ್ಣ ವ್ಯಾಪಾರಿಯಿಂದ ಲೋಹದ ಗುಜರಿ ಕೊಳ್ಳುವ ನೋಂದಾಯಿತ ಖರೀದಿದಾರನೇ ಜಿಎಸ್‌ಟಿ ಕಟ್ಟಬೇಕೆಂಬ ನಿಯಮ ಬಂದಿದೆ. ನಮ್ಮ ವ್ಯಾಪಾರಿಗಳೂ ಚೀಟಿಯ ಮೇಲಿನ ವ್ಯವಹಾರಕ್ಕೆ ವಿದಾಯ ಹೇಳಿ ಲೆಕ್ಕಪತ್ರದ ದಾರಿಗೆ ಬರಬೇಕು. ಲೆಕ್ಕವಿಲ್ಲದ ವ್ಯಾಪಾರದಲ್ಲಿ ಇಂದಿನ ಉಳಿತಾಯವಿರಬಹುದು, ಕಾರ್ಖಾನೆಯೊಡನೆ ನೇರ ಒಪ್ಪಂದ ಮಾತ್ರ ಎಂದಿಗೂ ಸಿಗದು.

ಎಲ್ಲಕ್ಕಿಂತ ಮುಖ್ಯವಾದ ವಿಷಯ ದುಡಿಯುವವನದು. 2006ರ ಸಾಚಾರ್ ಸಮಿತಿಯ ವರದಿಯು ಮುಸ್ಲಿಮರಲ್ಲಿ ಸ್ವಂತ ದುಡಿಮೆಯವರ ಪ್ರಮಾಣ ಹೆಚ್ಚು, ನಿಯತ ಸಂಬಳದ, ಅದರಲ್ಲೂ ಸರಕಾರಿ ಮತ್ತು ಸಾರ್ವಜನಿಕ ವಲಯದ ಉದ್ಯೋಗದವರ ಪ್ರಮಾಣ ಕಡಿಮೆ ಎಂದು ಅಂಕಿಗಳ ಸಮೇತ ತೋರಿಸಿಕೊಟ್ಟಿತು. ಭದ್ರಾವತಿಯಂತಹ ಊರುಗಳ ಮಹತ್ವ ಇಲ್ಲಿದೆ. ಸಾವಿರಾರು ಮಂದಿ ದುಡಿಯುತ್ತಿದ್ದ ಆ ಕಾರ್ಖಾನೆಗಳಿಗೆ ತಮಿಳು, ತೆಲುಗು, ಉರ್ದು, ಕನ್ನಡ ಮಾತನಾಡುವವರು ಎಲ್ಲೆಲ್ಲಿಂದಲೋ ಬಂದರು. ಒಂದೇ ಬಗೆಯ ಕ್ವಾರ್ಟರ್ಸಿನಲ್ಲಿ ವಾಸಿಸಿದರು, ಒಂದೇ ಪಾಳಿಗೆ ಹೋದರು. ಗೇಟಿನಲ್ಲಿ ಯಾರ ಹೆಸರೂ ಅಡ್ಡಿಯಾಗಲಿಲ್ಲ. ತಂದೆಗೊಂದು ಸಂಬಳದ ಚೀಟಿ, ಭವಿಷ್ಯ ನಿಧಿ, ಆಸ್ಪತ್ರೆಯ ಸೌಲಭ್ಯ ಇದ್ದುದರಿಂದ ಹೆಣ್ಣು ಮಕ್ಕಳು ಹತ್ತನೆಯ ತರಗತಿ ದಾಟಿ ಕಾಲೇಜು ಮೆಟ್ಟಿಲು ಹತ್ತಿದ ಮನೆಗಳನ್ನು ನಾವು ಬಲ್ಲೆವು. ಅಂತಹ ಮನೆಗಳ ಮೊಮ್ಮಕ್ಕಳು ಇಂದು ಬೆಂಗಳೂರಿನಲ್ಲಿ ಮನೆಬಾಗಿಲಿಗೆ ಊಟ ತಲುಪಿಸುತ್ತಿದ್ದಾರೆ, ಇಲ್ಲವೇ ಗಲ್ಫಿನ ವೀಸಾಕ್ಕಾಗಿ ಏಜೆಂಟರ ಬಾಗಿಲಲ್ಲಿದ್ದಾರೆ. ಕೆಲಸ ಯಾವುದಾದರೂ ಗೌರವದ್ದೇ. ಆದರೆ ಅಜ್ಜನಿಗಿದ್ದ ಭದ್ರತೆ ಮೊಮ್ಮಗನಿಗಿಲ್ಲ.

2023ರಲ್ಲಿ ಬೀದಿಗೆ ಬಿದ್ದವರು ಸಾವಿರಕ್ಕೂ ಹೆಚ್ಚು ಗುತ್ತಿಗೆ ಕಾರ್ಮಿಕರು. ಖಾಯಂ ನೌಕರರು ಆ ಹೊತ್ತಿಗೆ ಕೆಲವೇ ನೂರಕ್ಕೆ ಇಳಿದಿದ್ದರು. ಕುಲುಮೆಯ ಬಿಸಿಗೆ ಮೈಯೊಡ್ಡಿದವರು ಹೆಚ್ಚಿನವರು ಕಾಗದದ ಮೇಲೆ ಆ ಕಾರ್ಖಾನೆಯ ನೌಕರರೇ ಅಲ್ಲ! ಸಮಾನ ಕೆಲಸಕ್ಕೆ ಸಮಾನ ವೇತನ ತಾತ್ಕಾಲಿಕ ನೌಕರರಿಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿತು. ತೀರ್ಪು ಹೊರಬಂದಷ್ಟು ವೇಗವಾಗಿ ಅದು ಕಾರ್ಖಾನೆಗಳ ಒಳಹೋಗಲಿಲ್ಲ. ಪುನಶ್ಚೇತನದ ಹೊಸ ಯೋಜನೆಯಲ್ಲಿ ಹೊಸ ಯಂತ್ರಗಳು ಬಂದು, ಹೊರಗಿನ ಏಜೆನ್ಸಿಯೊಂದು ಹೊಸ ಹುಡುಗರನ್ನು ದಿನಗೂಲಿಗೆ ತಂದು ನಿಲ್ಲಿಸಿದರೆ, ಅದನ್ನು ಕಾರ್ಖಾನೆಯ ಪುನಶ್ಚೇತನ ಎನ್ನಬಹುದೇ ಹೊರತು ಭದ್ರಾವತಿಯ ಪುನಶ್ಚೇತನ ಎನ್ನಲಾಗದು.

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿರಲಿ. ಮೊತ್ತ ಎಷ್ಟೆಂಬುದಕ್ಕಿಂತ ಮೊದಲು, ಯಾವ ಉಕ್ಕು ತಯಾರಾಗುವುದೆಂಬ ಯೋಜನೆ ಸಾರ್ವಜನಿಕರ ಮುಂದೆ ಬರಲಿ. ಸರಕಾರಿ ಖರೀದಿಯಲ್ಲಿ ದೇಶೀಯ ಉಕ್ಕಿಗೆ ಆದ್ಯತೆ ನೀಡಬೇಕೆಂಬ 2017ರ ನೀತಿ ಕಾಗದದ ಮೇಲಿದೆ. ರೈಲ್ವೆ ಮತ್ತು ರಕ್ಷಣಾ ಕಾರ್ಖಾನೆಗಳು ಇಂತಿಷ್ಟು ವರ್ಷ ಇಂತಿಷ್ಟು ಕೊಳ್ಳುತ್ತೇವೆಂದು ಬರೆದುಕೊಟ್ಟರೆ ಮಾತ್ರ ಅದಕ್ಕೆ ಅರ್ಥ. ರಾಜ್ಯ ಸರಕಾರ ವಿದ್ಯುತ್ ದರದಲ್ಲಿ ತನ್ನ ಪಾಲು ಹೊರಲಿ, ಕಾಗದ ಕಾರ್ಖಾನೆಯ ಬಗ್ಗೆ ಹೌದು ಅಥವಾ ಇಲ್ಲ ಎಂಬುದರಲ್ಲಿ ಒಂದನ್ನಾದರೂ ಹೇಳಲಿ. ಕಾರ್ಖಾನೆಗಳ ಭೂಮಿಯ ಮೇಲೆ ನಿವೇಶನ ವ್ಯಾಪಾರಿಗಳ ಕಣ್ಣು ಬೀಳದಂತೆ ನೋಡಿಕೊಳ್ಳಲಿ. ನಮ್ಮ ಸಂಘ ಸಂಸ್ಥೆಗಳೂ ಸನ್ಮಾನ ಸಮಾರಂಭಗಳಿಗೆ ಬಿಡುವು ಕೊಟ್ಟು ಹುಡುಗರನ್ನು ಐಟಿಐಗೆ ಸೇರಿಸಲಿ, 1961ರ ಅಪ್ರೆಂಟಿಸ್ ಕಾಯಿದೆಯಡಿ ಅವರಿಗೆ ಸಿಗಬೇಕಾದ ತರಬೇತಿಯ ಜಾಗಗಳನ್ನು ಕೇಳಿ ಪಡೆಯಲಿ.

ಧರಣಿಯ ಪೆಂಡಾಲಿನಲ್ಲಿ ಕುಳಿತಿದ್ದವರಲ್ಲಿ ಅನೇಕರು ಹತ್ತು, ಹದಿನೈದು ವರ್ಷ ಒಂದೇ ಯಂತ್ರದ ಮುಂದೆ ದುಡಿದವರು. ಅವರ ಹೆಸರುಗಳು ಗುತ್ತಿಗೆದಾರರ ಹಾಜರಿ ಪುಸ್ತಕಗಳಲ್ಲಿವೆ. ದೆಹಲಿಯ ಕಡತಕ್ಕೆ ಮೊದಲು ಸೇರಬೇಕಾದ ಹಾಳೆ ಅದು. ಅದನ್ನು ಸೇರಿಸಿದ್ದೀರಾ ಎಂದು ಮುಂದಿನ ಬಾರಿ ಸಚಿವರು ಭದ್ರಾವತಿಗೆ ಬಂದಾಗ ಕೇಳಬೇಕಾಗಿದೆ.